ಹರಡದ ಹನಿ

ಧಾರವಾಡ
12 ಸೆಪ್ಟೆಂಬರ್ 2011

ಪಂಪಾಪತಿ ಕಾಕಾ ಅವರಿಗೆ ಸುರೇಖಾಳ ನಮಸ್ಕಾರ.

ನಿನ್ನೆ ಫೋನಿನಲ್ಲಿ ನೀವೂ ಕೂಗಿದಿರಿ, ನಾನೂ ಕೂಗಿದೆ. ಮೂರು ಸಲ ಫೋನ್ ಕಟ್ ಮಾಡಿದಿರಿ. ಇದರಿಂದ ನನ್ನ ಕೆಲಸ ಒಂದಿಂಚೂ ಮುಂದೆ ಹೋಗಲಿಲ್ಲ. ನಮ್ಮ ಪಿಎಚ್‌ಡಿ ಗೈಡ್ ಕೂಡ ಎಲ್ಲದಕ್ಕೂ ಬರಹದ ದಾಖಲೆ ಇರಲಿ ಎನ್ನುತ್ತಿದ್ದಾರೆ. ಇನ್ನು ಮೇಲೆ ಏನಿದ್ದರೂ ಕಾಗದದಲ್ಲಿ, ತಾರೀಖು ಹಾಕಿ.

ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಬ್ಯಾಚು ಪೂರ್ತಿ ಹಾಳಾಗಿದೆ. ನಾನು ಕಳಿಸುವ ಉಗುರಗಲದ ಟೈಟಾನಿಯಂ ತಗಡುಗಳು ನಿಮಗೆ ಬರೀ ತಗಡಾಗಿ ಕಾಣಬಹುದು. ಅದರ ಮೇಲೆ ನಾನು ಒಂದು ದಿನವಿಡೀ ಕೂತು, ದ್ರಾವಣದಲ್ಲಿ ಕರೆಂಟ್ ಹಾಯಿಸಿ ಬೆಳೆಸಿದ ಪದರ ಇರುತ್ತದೆ. ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತೊತ್ತಾಗಿ ನಿಲ್ಲಿಸಿದ ಊದುಗೊಳವೆಗಳು. ಒಂದೊಂದು ಕೊಳವೆ ಕೂದಲೆಳೆಯ ಸಾವಿರದಲ್ಲೊಂದು ಪಾಲು. ಹಸಿಯಾಗಿದ್ದಾಗ ಅದರೊಳಗಿನ ಅಣುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ನಾನೂರೈವತ್ತು ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿದರೆ ಸಾಲಾಗಿ ಕೂತು ಹರಳಾಗುತ್ತವೆ. ಆಗ ಮೇಲೆ ನೀರಿನ ಹನಿ ಬಿಟ್ಟರೆ ನಿಲ್ಲಬಾರದು, ಹರಡಬೇಕು. ಶಾಖ ಕಡಿಮೆಯಾದರೆ ಹರಳಾಗುವುದಿಲ್ಲ, ತೀರ ಹೆಚ್ಚಾದರೆ ಕೊಳವೆಗಳೇ ಕುಸಿಯುತ್ತವೆ. ಮುಂದೆ ಮುರಿದ ಎಲುಬು ಕೂಡಿಸುವ ತಿರುಪಿಗೆ ಈ ಪದರ ಹಚ್ಚಬೇಕೆಂಬುದು ನಮ್ಮ ಆಸೆ. ನೀರನ್ನೇ ಒಲ್ಲದ ಪದರವನ್ನು ಎಲುಬು ಹೇಗೆ ಅಪ್ಪೀತು?

ಮೊದಲ ಮೂರು ಬ್ಯಾಚು ನಾನೇ ಕೊಪ್ಪಳಕ್ಕೆ ಬಂದು, ನಿಮ್ಮ ಕುಲುಮೆಯಲ್ಲಿ ಕಾಯಿಸಿಕೊಂಡು ಒಯ್ದಿದ್ದೆ. ಹನಿಯ ಅಂಚು ತಗಡಿನೊಂದಿಗೆ ಮಾಡುವ ಕೋನ ಆಗ ಒಂಬತ್ತು ಡಿಗ್ರಿ ಇತ್ತು. ಈಗ ನನಗೆ ಬಿಡುವಿಲ್ಲದ್ದಕ್ಕೆ ಅವ್ವ ನಿಮ್ಮಲ್ಲಿಂದ ತಂದು ರೊಟ್ಟಿಯ ಚೀಲದೊಂದಿಗೆ ಬಸ್ಸಿಗೆ ಹಾಕುತ್ತಾಳೆ. ನಾನು ಎದುರಿಗೆ ಇಲ್ಲ ಎಂದ ಕೂಡಲೇ ಕೋನ ಅರವತ್ತೆಂಟಾಯಿತು. ಹನಿ ತಗಡಿನ ಮೇಲೆ ದುಂಡಗೆ ಕೂತು ನನ್ನನ್ನೇ ನೋಡುತ್ತಿದೆ. ನೀವು ಎರಡು ತಾಸು ಕಾಯಿಸಲಿಲ್ಲ ಎಂಬುದು ನನ್ನ ಖಾತ್ರಿ.

ಇನ್ನೆರಡು ಮಾತು. ಹನ್ನೆರಡು ತುಂಡು ಕಳಿಸಿದ್ದೆ, ಹನ್ನೊಂದು ಬಂದಿವೆ. ಪ್ರಯೋಗಾಲಯದ ಗಾಜಿನ ತಟ್ಟೆ ಇಟ್ಟುಕೊಂಡು ಯಾವುದೋ ಸ್ಟೀಲ್ ಡಬ್ಬಿಯಲ್ಲಿ ಕಳಿಸಿದ್ದೀರಿ. ಎರಡಕ್ಕೂ ಉತ್ತರ ಬೇಕು.

ಸುರೇಖಾ

•

ಕೊಪ್ಪಳ
17 ಸೆಪ್ಟೆಂಬರ್ 2011

ತಂಗಿ ಸುರೇಖಾಗೆ,

ಕಾಗದ ಬರೆಯಲು ಹೇಳಿದ್ದು ಒಳ್ಳೆಯದಾಯಿತು. ನಿನ್ನ ಮಾತು ಮುಗಿಯುವ ತನಕ ಸಿಟ್ಟು ತಡೆದುಕೊಳ್ಳುವುದು ಫೋನಿನಲ್ಲಿ ನನ್ನಿಂದ ಆಗುವುದಿಲ್ಲ. ಕಾಗದವನ್ನಾದರೆ ಮಡಚಿಟ್ಟು, ಒಂದು ಚಹಾ ಕುಡಿದು, ಮತ್ತೆ ಓದಬಹುದು. ನಾಲ್ಕು ಚಹಾ ಆದವು.

ನಾನು ಈ ಕರೆಂಟಿನ ಕುಲುಮೆಯ ಮುಂದೆ ನಿಂತು ಇಪ್ಪತ್ತೊಂದು ವರ್ಷ. ಗಂಗಾವತಿಯ ಅಕ್ಕಿ ಗಿರಣಿಗಳ ಶಾಫ್ಟು, ಕುಷ್ಟಗಿಯ ಕಲ್ಲು ಒಡೆಯುವವರ ಉಳಿ, ಯಲಬುರ್ಗಾದ ಕಡೆಯ ಉಳುವವರ ರಂಟೆಯ ಕುಡ, ಎಲ್ಲಕ್ಕೂ ಹದ ಕೊಟ್ಟದ್ದು ಈ ಕೈ. ಹದ ತಪ್ಪಿದ ಉಳಿ ಕಲ್ಲಿಗೆ ತಾಗಿದರೆ ಚೂರು ಹಾರಿ ಒಬ್ಬನ ಕಣ್ಣು ಹೋಗುತ್ತದೆ. ಅದನ್ನು ತಿಳಿದೇ ನಿಂತಿದ್ದೇನೆ. ನಿನ್ನ ತುಂಡು ಇಡುವ ಮುಂಚೆ ಖಾಲಿ ಕುಲುಮೆಯನ್ನು ಎಂಟುನೂರಕ್ಕೆ ಒಂದು ತಾಸು ಉರಿಸುತ್ತೇನೆ, ಒಳಗಿನ ಎಣ್ಣೆಯ ಕಮಟು ಹೋಗಲಿ ಎಂದು. ಅದನ್ನು ನೀನು ಹೇಳಿರಲಿಲ್ಲ, ನಾನೇ ಮಾಡಿದ್ದು.

ನಾಲ್ಕನೇ ಬ್ಯಾಚಿನ ದಿನ ನಡುವೆ ಕರೆಂಟ್ ಹನ್ನೊಂದು ನಿಮಿಷ ಹೋಗಿತ್ತು. ಕುಲುಮೆ ನಾನೂರಾ ಮೂವತ್ತಕ್ಕೆ ಇಳಿಯಿತು. ಬಂದ ಮೇಲೆ ಅಷ್ಟು ನಿಮಿಷ ಕೂಡಿಸಿ ಕೊಟ್ಟೆ. ಇದನ್ನು ನಾನು ಹೇಳದಿದ್ದರೆ ನಿನಗೆ ಗೊತ್ತಾಗುತ್ತಲೇ ಇರಲಿಲ್ಲ. ಹೇಳಿದ್ದೇನೆ, ಬರೆದುಕೋ.

ಹನ್ನೆರಡನೆಯ ತುಂಡು ನನ್ನ ಹತ್ತಿರ ಇದೆ. ಅದು ಕಳವಲ್ಲ, ಸಾಕ್ಷಿ ತುಂಡು. ಯಾವ ಬ್ಯಾಚು ಕಾಯಿಸಿದರೂ ಅದರದೊಂದು ತುಂಡು ಕುಲುಮೆಯವನ ಹತ್ತಿರ ಉಳಿಯಬೇಕು. ನಾಳೆ ತಕರಾರು ಬಂದರೆ ಅದೇ ಮಾತಾಡುತ್ತದೆ ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿಕೊಟ್ಟಿದ್ದರು. ನಿನ್ನ ಮೊದಲ ಮೂರು ಬ್ಯಾಚಿನಿಂದಲೂ ಒಂದೊಂದನ್ನು ಕಿಟಕಿಯಲ್ಲಿರುವ ಗಾಜಿನ ಬಾಟಲಿಯಲ್ಲಿ ಇಟ್ಟುಕೊಂಡಿದ್ದೇನೆ. ಫಲ ಚೆನ್ನಾಗಿ ಬಂದಾಗ ನಿನಗೆ ಎಣಿಸುವ ನೆನಪಾಗಲಿಲ್ಲ.

ಸ್ಟೀಲ್ ಡಬ್ಬಿ ಯಾವುದೋ ನನಗೆ ಗೊತ್ತಿಲ್ಲ. ನಿಮ್ಮ ತಾಯಿ ಶೇಖರಮ್ಮ ಅಕ್ಕೋರ ಕೈಗೆ ಗಾಜಿನ ತಟ್ಟೆಯಲ್ಲೇ ಕೊಟ್ಟಿದ್ದೇನೆ, ಮುಚ್ಚಳ ಹಾಕಿ, ಚಿಮಟದಿಂದ ಎತ್ತಿಟ್ಟು. ನನ್ನ ಮಗಳಿಗೆ ಅಕ್ಷರ ಕಲಿಸಿದ ಅಕ್ಕೋರವರು. ಅವರ ಮುಖ ನೋಡಿ ಈ ಕೆಲಸ ಹಿಡಿದಿದ್ದೇನೆ, ನಿನ್ನ ಖಾತ್ರಿ ಕೇಳಲಿಕ್ಕಲ್ಲ.

ಐದನೇ ಬ್ಯಾಚು ಕಳಿಸು. ಕಾಯಿಸಿ ಕೊಡುತ್ತೇನೆ.

ಪಂಪಾಪತಿ

•

ಧಾರವಾಡ
28 ನವೆಂಬರ್ 2011

ಶ್ರೀ ಪಂಪಾಪತಿ ಅವರಿಗೆ,

ಐದನೆಯದು ಎಪ್ಪತ್ತೊಂದು ಡಿಗ್ರಿ. ಆರನೆಯದು ಎಪ್ಪತ್ನಾಲ್ಕು. ಹಸಿ ತುಂಡೇ ಇದಕ್ಕಿಂತ ವಾಸಿ.

ಮೂರು ತಿಂಗಳು ಹೋದವು. ಬರುವ ಜೂನಿಗೆ ನನ್ನ ಐದು ವರ್ಷ ಮುಗಿಯುತ್ತವೆ. ಅಷ್ಟರೊಳಗೆ ಪ್ರಬಂಧ ಕೊಡದಿದ್ದರೆ ಮನೆಗೆ ನಡೆ ಎನ್ನುತ್ತಾರೆ. ಇಲ್ಲಿನ ಕುಲುಮೆಯ ತಂತಿ ಸುಟ್ಟು ವರ್ಷವಾಗಿದೆ, ರಿಪೇರಿಯ ಅರ್ಜಿ ಯಾವ ಮೇಜಿನ ಮೇಲೆ ಮಲಗಿದೆಯೋ ಯಾರಿಗೂ ಗೊತ್ತಿಲ್ಲ. ನಿಮ್ಮನ್ನು ನಂಬಿ ಕೆಟ್ಟೆ. 'ಮನ್ಯಾಗ ಕುಲುಮಿ ಇಲ್ಲದಾಕಿ ಊರಾಗಿನ ಕಮ್ಮಾರನ್ನ ಹುಡಿಕ್ಯಾಳ' ಎಂದು ಜೊತೆಯವರು ನನ್ನ ಮುಂದೆಯೇ ನಗುತ್ತಾರೆ. ನನಗೆ ಮೈ ಉರಿಯುತ್ತದೆ.

ಗಾಜಿನ ತಟ್ಟೆಯಲ್ಲೇ ಕೊಟ್ಟೆ ಎಂದು ಬರೆದಿದ್ದೀರಿ. ಮೂರೂ ಸಲ ಬಂದದ್ದು ಸ್ಟೀಲ್ ಡಬ್ಬಿಯಲ್ಲಿ. ಇಷ್ಟು ಸಣ್ಣ ವಿಷಯಕ್ಕೆ ಸುಳ್ಳು ಹೇಳುವವರು ಎರಡು ತಾಸಿನ ವಿಷಯದಲ್ಲಿ ನಿಜ ಹೇಳುತ್ತೀರೆಂದು ಹೇಗೆ ನಂಬಲಿ? ಕರೆಂಟ್ ಹೋದದ್ದನ್ನು ನೀವೇ ಒಪ್ಪಿದ್ದೀರಿ. ಒಪ್ಪದೇ ಬಿಟ್ಟದ್ದು ಇನ್ನೆಷ್ಟಿದೆಯೋ.

ನಮ್ಮ ಗೈಡ್ ನಿಮ್ಮ ಸಾಹುಕಾರರಿಗೆ ಕಾಗದ ಬರೆದಿದ್ದಾರೆ. ಟೈಪ್ ಮಾಡಿದ್ದು ನಾನೇ. ನಿಮ್ಮ ಸೆಪ್ಟೆಂಬರಿನ ಕಾಗದದ ನಕಲನ್ನೂ ಲಗತ್ತಿಸಿದ್ದೇವೆ. ಇನ್ನು ನಿಮಗೆ ತುಂಡು ಕಳಿಸುವುದಿಲ್ಲ.

ಸುರೇಖಾ

•

ಕೊಪ್ಪಳ
19 ಡಿಸೆಂಬರ್ 2011

ಸುರೇಖಾ ಮೇಡಮ್ ಅವರಿಗೆ,

ನಿಮ್ಮ ಕಾಗದ ಮುಟ್ಟಿತು. ನನಗಲ್ಲ, ಇಡೀ ಅಂಗಡಿಗೆ. ಸಾಹುಕಾರ ಕೊಟ್ರಬಸಪ್ಪನವರು ಎಲ್ಲರನ್ನೂ ಕರೆದು ನಿಲ್ಲಿಸಿ ಓದಿದರು. 'ಕೇಳ್ರೆಪಾ, ಧಾರವಾಡದಿಂದ ದೊಡ್ಡವರು ಬರದಾರ. ನಮ್ಮ ಕುಲುಮಿ ಮ್ಯಾಲೆ ನಂಬಿಕಿ ಇಲ್ಲಂತ. ಕರೆಂಟ್ ಹೋಗಿತ್ತಂತ ಪಂಪಾಪತಿ ತನ್ನ ಕೈಲೆ ಬರದುಕೊಟ್ಟಾನಂತ.' ನಾನು ನಿಯತ್ತಿನಿಂದ ಬರೆದ ಒಂದು ಸಾಲನ್ನೇ ಹಗ್ಗ ಮಾಡಿ ನನ್ನ ಕೊರಳಿಗೆ ಹಾಕಿದಿರಿ. ಓದಿದವರ ಬುದ್ಧಿ ಎಂದರೆ ಇದೇ ಇರಬೇಕು.

ನಿಮ್ಮ ಕಾಗದ ಬಂದ ಮರುದಿನದಿಂದ ನಾನು ಸಾಣೆಯ ಚಕ್ರದ ಮೇಲಿದ್ದೇನೆ. ಕುಲುಮೆಗೆ ಸಾಹುಕಾರರ ಅಳಿಯ ಗೋವಿಂದರಾಜ ಬಂದಿದ್ದಾನೆ. ಅವನು ಒಳ್ಳೆಯವನೇ, ಆದರೆ ಕಾದ ಕಬ್ಬಿಣದ ಬಣ್ಣ ನೋಡಿ ಶಾಖ ಹೇಳಲು ಇನ್ನೂ ಬರುವುದಿಲ್ಲ. ಗಳಿಗೆಗೊಮ್ಮೆ ತಿರುಗಿ ನನ್ನ ಮುಖ ನೋಡುತ್ತಾನೆ. ನಾನು ಸಾಣೆಯ ಕಿಡಿ ನೋಡುತ್ತೇನೆ. ಕುಲುಮೆಗೆ ಬೆನ್ನು ಹಾಕಿ ನಿಲ್ಲುವುದು ಎಂಥದೆಂದು ನಿಮಗೆ ಹೇಳಿದರೆ ತಿಳಿಯುವುದಿಲ್ಲ.

ಮೊನ್ನೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾಲ್ಕು, ಐದು, ಆರನೇ ಬ್ಯಾಚಿನ ಸಾಕ್ಷಿ ತುಂಡುಗಳನ್ನು ಬಾಟಲಿಯಿಂದ ತೆಗೆದು ಸಾಲಾಗಿ ಇಟ್ಟೆ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಒಂದೊಂದು ಹನಿ ಬಿಟ್ಟೆ. ಮೂರರ ಮೇಲೂ ಹರಡಿತು. ಕಸ ಹೊಡೆಯುವ ಸರ್ದಾರಬೀ ಪಕ್ಕದಲ್ಲಿ ನಿಂತು ನೋಡಿ, 'ಅಣ್ಣಾ, ಹನಿ ಎಲ್ಲಿ ಹೋತು? ಬರೀ ಒದ್ದಿ ಕಾಣತೈತಿ' ಎಂದಳು. ಸೂಕ್ಷ್ಮದರ್ಶಕ ಇಲ್ಲದವಳಿಗೆ ಕಂಡದ್ದು ನಿಮಗೆ ಕಾಣಲಿಲ್ಲ.

ನನ್ನ ಕುಲುಮೆಯಿಂದ ಹೊರಬಿದ್ದಾಗ ತುಂಡು ಸರಿ ಇತ್ತು. ನಿಮ್ಮ ಮೇಜಿಗೆ ಬಂದಾಗ ಕೆಟ್ಟಿತ್ತು. ನಡುವೆ ಏನಾಯಿತೆಂದು ಹುಡುಕುವುದು ಕಲಿತವರ ಕೆಲಸ. ಒಂದು ಸಲ ಬನ್ನಿ, ಕಣ್ಣಾರೆ ನೋಡಿ.

ಪಂಪಾಪತಿ

•

ಧಾರವಾಡ
2 ಜನವರಿ 2012

ಶ್ರೀ ಪಂಪಾಪತಿ ಅವರಿಗೆ,

ನಿಮ್ಮ ತುಂಡುಗಳ ವಿಷಯವನ್ನು ಗೈಡ್‌ಗೆ ತಿಳಿಸಿದೆ. ಬಾಟಲಿಯನ್ನು ಎಲ್ಲಿ ಇಟ್ಟಿದ್ದರೆಂದು ಕೇಳಿದರು. ಕಿಟಕಿಯಲ್ಲಿ ಬಿಸಿಲಿಗೆ ಇರುವುದನ್ನು ನಾನೇ ನೋಡಿದ್ದೇನೆ. ಈ ಪದರದ ಮೇಲೆ ಬಿಸಿಲು ಬಿದ್ದರೆ ಹೇಗೂ ನೀರು ಹರಡುತ್ತದೆ, ಅದು ಶಾಖದ ಫಲ ಎನ್ನಲಾಗದು. ಆದ್ದರಿಂದ ನಿಮ್ಮ ಸಾಕ್ಷಿ ನಮ್ಮಲ್ಲಿ ನಡೆಯುವುದಿಲ್ಲ.

ಬರಲು ನನಗೆ ಬಿಡುವಿಲ್ಲ.

ಸುರೇಖಾ

•

ಕೊಪ್ಪಳ
27 ಫೆಬ್ರವರಿ 2012

ಸುರೇಖಾ ಮೇಡಮ್ ಅವರಿಗೆ,

ಬಿಸಿಲಿನ ಮಾತು ಒಪ್ಪಿದೆ. ಅಂದಿನಿಂದ ಆ ಬಾಟಲಿಯನ್ನು ಕಪ್ಪು ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ. ಆರು ವಾರ ಕತ್ತಲೆಯಲ್ಲಿದ್ದ ಮೇಲೆ ಮತ್ತೆ ಹನಿ ಬಿಟ್ಟೆ. ಮೊದಲಿಗಿಂತ ತುಸು ನಿಧಾನ, ಆದರೂ ಹರಡಿತು. ಇದನ್ನೂ ಬರೆದುಕೊಳ್ಳಿ.

ಇನ್ನೊಂದು ಮಾತು. ಸಾಹುಕಾರರ ಹತ್ತಿರ ಹೋಗಿ ಕುಲುಮೆ ವಾಪಸ್ ಕೇಳಿದೆ. 'ಕಾಗದ ಕೊಟ್ಟವರು ಕಾಗದದಾಗ ಮಾತು ವಾಪಸ್ ತಗೋಬೇಕು. ನಿನ್ನ ಬಾಯಿ ಮಾತು ನನಗ ಬ್ಯಾಡ. ಯುಗಾದಿ ತನಕ ತಡೀತೀನಿ. ಆಮ್ಯಾಲೆ ಕುಲುಮಿ ಗೋವಿಂದರಾಜನ ಹೆಸರಿಗೆ' ಎಂದರು. ಯುಗಾದಿ ಮಾರ್ಚ್ ಇಪ್ಪತ್ತಮೂರಕ್ಕೆ.

ಬ್ಯಾಚು ಕೆಟ್ಟ ಕಾರಣದ ಬಗ್ಗೆ ನಿಮಗೆ ಹೊಸದೇನಾದರೂ ತಿಳಿದಿದ್ದರೆ ಬರೆಯಿರಿ. ಯಾರ ತಪ್ಪೇ ಆಗಿರಲಿ, ನಾನು ಯಾರ ಮೇಲೂ ಹರಿಹಾಯುವುದಿಲ್ಲ. ಎರಡು ಸಾಲು ಸಾಕು.

ಪಂಪಾಪತಿ

•

ಧಾರವಾಡ
5 ಮಾರ್ಚ್ 2012

ಶ್ರೀ ಪಂಪಾಪತಿ ಅವರಿಗೆ,

ನಿಮ್ಮ ಕಾಗದ ತಲುಪಿದೆ. ಹೊಸದೇನೂ ಇಲ್ಲ. ಪ್ರಬಂಧ ಬರೆಯುವ ಗಡಿಬಿಡಿಯಲ್ಲಿದ್ದೇನೆ. ಮೇಲಿಂದ ಮೇಲೆ ಬರೆಯಬೇಡಿ.

ಸುರೇಖಾ

•

ಧಾರವಾಡ
20 ಏಪ್ರಿಲ್ 2012

ಪ್ರೀತಿಯ ಪಂಪಾಪತಿ ಕಾಕಾ,

ಈ ಕಾಗದವನ್ನು ಹೇಗೆ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. ತಪ್ಪು ನಿಮ್ಮದಲ್ಲ. ಹೋದ ಶನಿವಾರವಷ್ಟೇ ಗೊತ್ತಾಯಿತು, ಗೊತ್ತಾದ ಕೂಡಲೇ ಬರೆಯುತ್ತಿದ್ದೇನೆ.

ಆ ಸ್ಟೀಲ್ ಡಬ್ಬಿ ಅವ್ವನದು! ನೀವು ಕೊಟ್ಟ ಗಾಜಿನ ತಟ್ಟೆ ಬಸ್ಸಿನಲ್ಲಿ ಒಡೆದೀತೆಂದು ಅವಳು ತುಂಡುಗಳನ್ನು ತೆಗೆದು, ದೀಪದ ಬತ್ತಿಯ ಹತ್ತಿಯಲ್ಲಿ ಸುತ್ತಿ, ಶೇಂಗಾ ಚಟ್ನಿಯ ಡಬ್ಬಿ ತೊಳೆದು ಅದರಲ್ಲಿ ಹಾಕುತ್ತಿದ್ದಳು. ತಟ್ಟೆಗಳು ಮೂರೂ ಮನೆಯ ಮಾಡದಲ್ಲಿ ಹಾಗೇ ಇವೆ. ಕಾಯಿಸಿದ ಪದರ ಬಲು ಆಸೆಬುರುಕ. ಎಣ್ಣೆಯ ವಾಸನೆ, ಹೊಗೆ, ಗಾಳಿಯಲ್ಲಿ ಏನು ತೇಲಿದರೂ ಎಳೆದು ಮೈಗೆ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡ ಮೇಲೆ ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎಷ್ಟೇ ತೊಳೆದರೂ ಆ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಶೇಂಗಾ ಎಣ್ಣೆ, ಬೆಳ್ಳುಳ್ಳಿ ಇದ್ದೇ ಇರುತ್ತದೆ. ಕೆಟ್ಟ ತುಂಡೊಂದನ್ನು ಹಾಸ್ಟೆಲಿನ ಮಾಳಿಗೆಯ ಮೇಲೆ ದಿನವಿಡೀ ಬಿಸಿಲಿಗಿಟ್ಟೆ, ಹನಿ ಹರಡಿತು. ಒಳ್ಳೆಯ ತುಂಡನ್ನು ಆ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಟ್ಟೆ, ಹನಿ ನಿಂತಿತು. ಅವ್ವನ ಅತಿ ಕಾಳಜಿಯಿಂದ ನಾವಿಬ್ಬರೂ ಇಷ್ಟು ದಿನ ಜಗಳಾಡಿದೆವು. ಏನು ಹೇಳೋಣ, ಹಳೆಯ ಕಾಲದವಳು.

ಆದರೆ ಕಾಕಾ, ಇದರಿಂದ ಒಳ್ಳೆಯದೇ ಆಯಿತು. ಗೈಡ್ ಬಹಳ ಖುಷಿಯಾಗಿದ್ದಾರೆ. ಬರೀ ಶಾಖವನ್ನಲ್ಲ, ಕಾಯಿಸಿದ ಮೇಲೆ ಎಲ್ಲಿ ಇಡುತ್ತೇವೆ ಎಂಬುದನ್ನೂ ನೋಡಬೇಕೆಂದು ಒಂದು ಹೊಸ ಅಧ್ಯಾಯವನ್ನೇ ಬರೆದು ಮುಗಿಸಿದ್ದೇನೆ. ಇಡೀ ಪ್ರಬಂಧದಲ್ಲಿ ಅದೇ ಚೆಂದದ ಅಧ್ಯಾಯವೆಂದು ಎಲ್ಲರೂ ಹೇಳುತ್ತಾರೆ. ಒಂದೇ ಕೊರತೆ. ಅದೇ ಬ್ಯಾಚಿನ, ಆ ಡಬ್ಬಿಗೆ ಹೋಗದೇ ಇದ್ದ ತುಂಡುಗಳನ್ನು ಪಕ್ಕದಲ್ಲಿಟ್ಟು ತೋರಿಸಬೇಕು. ಲೋಕದಲ್ಲಿ ಅಂಥವು ಮೂರೇ ಇವೆ, ನಿಮ್ಮ ಬಾಟಲಿಯಲ್ಲಿ. ನಾಲ್ಕು, ಐದು, ಆರನೇ ಬ್ಯಾಚಿನ ಸಾಕ್ಷಿ ತುಂಡುಗಳನ್ನು ದಯವಿಟ್ಟು ಕಳಿಸಿಕೊಡಿ. ಅವಿಲ್ಲದೆ ಈ ಅಧ್ಯಾಯ ನಿಲ್ಲುವುದಿಲ್ಲ. ಕತ್ತಲೆಯಲ್ಲಿಟ್ಟು ನೋಡಿದ ನಿಮ್ಮ ಫಲವನ್ನೂ ಸೇರಿಸುತ್ತೇನೆ, ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರೂ ಬರುತ್ತದೆ.

ಸಾಹುಕಾರರಿಗೆ ಬರೆದ ಕಾಗದ ಇದರ ಜೊತೆಗಿದೆ. ನಿಮ್ಮಿಂದ ಯಾವ ತಪ್ಪೂ ಆಗಿಲ್ಲ ಎಂದು ಗೈಡ್ ಸಹಿ ಹಾಕಿದ್ದಾರೆ. ಅವರ ಕೈಗೆ ಕೊಡಿ, ಎಲ್ಲಾ ಸರಿಹೋಗುತ್ತದೆ.

ನಿಮ್ಮ ಸುರೇಖಾ

•

ಗಂಗಾವತಿ
30 ಏಪ್ರಿಲ್ 2012

ಸುರೇಖಾ,

ನಿನ್ನ ಕಾಗದ ಕೊಪ್ಪಳಕ್ಕೆ ಹೋಗಿ, ಸರ್ದಾರಬೀಯ ಕೈಸೇರಿ, ಅವಳು ಬಸ್ಸಿನವರ ಹತ್ತಿರ ಕೊಟ್ಟು ಇಲ್ಲಿಗೆ ಬಂತು. ನಾನೀಗ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿದ್ದೇನೆ. ಬೆಲ್ಟ್ ಬಿಗಿ ಮಾಡುವುದು, ಬೇರಿಂಗಿಗೆ ಗ್ರೀಸ್ ಹಚ್ಚುವುದು. ಇಲ್ಲಿ ಕುಲುಮೆ ಇಲ್ಲ. ನಾನೇ ಹದ ಕೊಟ್ಟ ಶಾಫ್ಟುಗಳು ತಿರುಗುತ್ತಿರುತ್ತವೆ, ನೋಡುತ್ತ ನಿಲ್ಲುತ್ತೇನೆ. ಸಾಹುಕಾರರಿಗೆ ಬರೆದ ಕಾಗದವನ್ನು ಇದರೊಳಗೇ ಇಟ್ಟು ಹಿಂದಕ್ಕೆ ಕಳಿಸಿದ್ದೇನೆ. ಯುಗಾದಿ ಆಗಿಹೋಗಿದೆ.

ಡಿಸೆಂಬರಿನಿಂದ ನಿನ್ನನ್ನು ಮೇಡಮ್ ಎಂದು ಬರೆಯುತ್ತಿದ್ದೆ. ಸಿಟ್ಟು ಬಂದಾಗ ನನಗೆ ಮರ್ಯಾದೆ ಹೆಚ್ಚಾಗುತ್ತದೆ. ಇವತ್ತು ಅದೂ ಮೀರಿದೆ, ನೀನು ಎಂದೇ ಬರೆಯುತ್ತೇನೆ.

ಹೋದ ಶನಿವಾರವಷ್ಟೇ ಗೊತ್ತಾಯಿತು ಎಂದು ಬರೆದಿದ್ದೀಯ. ಆರು ದಿನದಲ್ಲಿ ಬಿಸಿಲಿಗಿಟ್ಟೆ, ಡಬ್ಬಿಯಲ್ಲಿಟ್ಟೆ, ಹೊಸ ಅಧ್ಯಾಯ ಬರೆದು ಮುಗಿಸಿದೆ, ಅದನ್ನು ಎಲ್ಲರೂ ಓದಿ ಹೊಗಳಿದರು. ಇಷ್ಟು ಬಿರುಸಾಗಿ ಬರೆಯುವವಳಿಗೆ ನನಗೆ ಎರಡು ಸಾಲು ಬರೆಯಲು ಮಾತ್ರ ಕೈ ಬರಲಿಲ್ಲ.

ಶಿವರಾತ್ರಿಯ ಹಿಂದಿನ ದಿನ, ಫೆಬ್ರವರಿ ಹತ್ತೊಂಬತ್ತು, ರವಿವಾರ. ನಿಮ್ಮ ತಾಯಿ ನಮ್ಮ ಮನೆಗೆ ಬಂದಿದ್ದರು. ಕುರ್ಚಿ ಹಾಕಿದರೂ ಕೂಡಲಿಲ್ಲ. 'ಪಂಪಾಪತಿ ಅಣ್ಣಾರ, ತಪ್ಪು ನಂದರಿ. ಗಾಜು ಬಸ್ಸಿನ್ಯಾಗ ಒಡೀತೈತಿ ಅಂತ ಚಟ್ನಿ ಡಬ್ಬಿ ತೊಳದು ಅದರಾಗ ಹಾಕಿ ಕಳಿಸೇನ್ರಿ. ಮುಂಜಾನಿ ಮಗಳು ಫೋನ್ ಮಾಡಿ ಬಾಯಿಗೆ ಬಂದಂಗ ಬೈದ್ಲು. ನಿಮ್ಮಂಥವರನ್ನ ಕುಲುಮಿ ಬಿಡಿಸಿದಂಗಾತು' ಎಂದು ಎರಡೂ ಕೈ ಮುಗಿದು ಅತ್ತರು. ನನ್ನ ಮಗಳಿಗೆ ಅಕ್ಷರ ಕಲಿಸಿದವರು ನನಗೆ ಕೈ ಮುಗಿಯುವುದನ್ನು ನೋಡಿದೆ. ಆ ಪಾಪವನ್ನೂ ನಿನ್ನ ಲೆಕ್ಕಕ್ಕೇ ಬರೆದಿದ್ದೇನೆ.

ಈಗಲೇ ಸಾಹುಕಾರರ ಹತ್ತಿರ ಹೋಗೋಣ ಎಂದೆ. ಅವರು ತಡೆದರು. 'ಆಕಿ ತಾನ ನಿಮಗ ಬರೀತೀನಿ ಅಂದಾಳ್ರಿ. ಆಕಿ ಬರಿಯೂ ತನಕ ನೀವು ಯಾರ ಮುಂದೂ ಅನಬ್ಯಾಡ್ರಿ. ಹುಡುಗಿ ತನ್ನ ತಪ್ಪು ತಾನ ಒಪ್ಪಿಕೊಳ್ಳಲಿ. ನಾನು ಮಾತು ಕೊಡತೀನಿ, ಆಕಿ ಬರೀತಾಳ.' ಆಗಲಿ ಅಕ್ಕೋರ ಎಂದೆ. ನನ್ನ ಹೆಂಡತಿ ಒಳಗಿನಿಂದ ಕೇಳಿಸಿಕೊಂಡು ನನ್ನ ಮೇಲೆ ಕೆಂಡವಾದಳು. ಆದರೂ ಮಾತು ಕೊಟ್ಟಾಗಿತ್ತು.

ಎಂಟು ದಿನ ಕಾದೆ. ಟಪಾಲಿನ ಅಯ್ಯಪ್ಪ ನಮ್ಮ ಅಂಗಡಿಯ ಮುಂದೆ ಸೈಕಲ್ ಇಳಿಯದೇ ಹೋಗುತ್ತಿದ್ದ. ಆಮೇಲೆ ನಾನೇ ಬರೆದೆ. ಹೊಸದೇನಾದರೂ ಇದ್ದರೆ ಬರೆಯಿರಿ, ಯಾರ ತಪ್ಪೇ ಆಗಿರಲಿ ಎಂದೆ. ಯುಗಾದಿಯ ಗಡುವನ್ನೂ ತಿಳಿಸಿದೆ. ಇದಕ್ಕಿಂತ ದೊಡ್ಡದಾಗಿ ಬಾಗಿಲು ತೆಗೆದು ನಿಲ್ಲಲು ನನಗೆ ಬರುವುದಿಲ್ಲ.

ತುಂಡು ಕೇಳಿದ್ದೀಯ. ಆಗ ಬಿಸಿಲು ಬಿದ್ದ ತುಂಡು ನಿಮಗೆ ಬೇಡವಾಗಿತ್ತು, ಈಗ ಲೋಕದಲ್ಲೇ ಮೂರು ಎನ್ನುತ್ತೀಯ. ಊರು ಬಿಡುವ ದಿನ ಬಾಟಲಿಯನ್ನು ನಿಮ್ಮ ತಾಯಿಯ ಕೈಗೆ ಕೊಟ್ಟು ಬಂದಿದ್ದೇನೆ. ಡಬ್ಬಿಗೆ ಹಾಕಬೇಡಿ ಎಂದೂ ಹೇಳಿದ್ದೇನೆ. ಹೋಗಿ ಅವರ ಎದುರು ನಿಂತು ಕೇಳಿ ಒಯ್ಯಿ. ಬಸ್ಸಿಗೆ ಹಾಕಿಸಿಕೊಳ್ಳಬೇಡ. ಹಳೆಯ ಕಾಲದವಳು ಎಂದು ನನಗೆ ಬರೆದೆಯಲ್ಲ, ಅದನ್ನೂ ಅವರ ಮುಂದೆ ಒಮ್ಮೆ ಹೇಳಿ ನೋಡು. ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಬಿಸಿಲಿನಲ್ಲಿ ನಡೆದು ನನ್ನ ಮನೆಗೆ ಬಂದರು. ನಿನಗೆ ಗೊತ್ತಿತ್ತು, ಅಧ್ಯಾಯ ಮುಗಿಯುವ ತನಕ ಸುಮ್ಮನೆ ಕೂತೆ. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಬೇಡ.

ಯುಗಾದಿಯ ಮುಂಜಾನೆ ಅಂಗಡಿಯಲ್ಲಿ ಪೂಜೆ ಇತ್ತು. ಕುಲುಮೆಗೆ ಹೂವು ಏರಿಸಿದ್ದರು. ಗೋವಿಂದರಾಜ ಹೊಸ ಅಂಗಿ ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಸಾಹುಕಾರರು ಎಲ್ಲರ ಮುಂದೆ ನನ್ನನ್ನು ಕರೆದರು. 'ಪಂಪಾಪತಿ, ಕಡೀ ಸಲ ಕೇಳತೀನಿ. ಆ ಹುಡುಗಿ ಏನರ ಬರದಾಳೇನು?' ಎಂದರು. ನಿನ್ನ ಮಾರ್ಚ್ ಐದರ ಕಾಗದ ನನ್ನ ಅಂಗಿಯ ಕಿಸೆಯಲ್ಲಿತ್ತು.

'ಬರದಾಳ್ರಿ' ಎಂದೆ.

'ಏನ್ ಬರದಾಳ?'

'ಹೊಸದೇನೂ ಇಲ್ಲಂತ್ರಿ.'

ಪಂಪಾಪತಿ